ಚಿಗವ್ವನ ಫೋನಿಗೆ ಬಂದ ಯುದ್ಧ: ದೇಶ ದೇಶಗಳ ಮಾತು ಈಗ ಯಾರ ಕೈಯಲ್ಲಿದೆ?

ಒಣದ್ರಾಕ್ಷಿ_ತಿಕೋಟಾ

ಎಲ್ಲರಿಗೂ ನಮಸ್ಕಾರ. ಇಲ್ಲಿ ದಿನಾ ಓದುತ್ತೇನೆ, ಬರೆಯುವುದು ಕಡಿಮೆ. ಇವತ್ತು ಒಂದು ವಿಷಯ ಕೇಳಲೇಬೇಕು ಅನಿಸಿತು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

2025ರ ಮೇ ತಿಂಗಳು. ಆಪರೇಷನ್ ಸಿಂಧೂರ ಶುರುವಾಗಿ ಒಂದೆರಡು ದಿನ ಆಗಿತ್ತು. ನಮ್ಮ ಚಿಗವ್ವನ ಮಗ ಸೈನ್ಯದಲ್ಲಿದ್ದಾನೆ, ಆಗ ಜಮ್ಮು ಕಡೆ ಇದ್ದ. ಫೋನ್ ಹತ್ತುತ್ತಿರಲಿಲ್ಲ. ರಾತ್ರಿ ಚಿಗವ್ವ ರೊಟ್ಟಿ ಬಡಿಯುತ್ತಾ ಕೂತಿದ್ದಳು. ಫೋನ್ ಟಿಂಗ್ ಅಂತು. ಹಿಟ್ಟು ಹತ್ತಿದ ಬೆರಳಲ್ಲೇ ಒತ್ತಿದಳು. ಭಾರತದ ಒಂದು ಸೇನಾ ಠಾಣೆ ಉಡಾಯಿಸಿದರು, '20 ರಾಜ್ ಬಟಾಲಿಯನ್' ಮುಗಿದೇ ಹೋಯಿತು ಅನ್ನುವ ವಿಡಿಯೊ. ಮಗನ ತುಕಡಿಯ ಹೆಸರು ಬೇರೆ ಅಂತ ಅವಳಿಗೂ ಗೊತ್ತು. ಆದರೂ ಹಂಚಿನ ಮೇಲಿನ ರೊಟ್ಟಿ ಕರಿ ಆಗುವವರೆಗೆ ಸುಮ್ನೆ ಕೂತುಬಿಟ್ಟಳು. ಆಮೇಲೆ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್‌ನವರು ಹೇಳಿದರು: ಆ ಹೆಸರಿನ ತುಕಡಿಯೇ ನಮ್ಮ ಸೈನ್ಯದಲ್ಲಿ ಇಲ್ಲ, ವಿಡಿಯೊ ಸುಳ್ಳು.

ಈಗ ನನ್ನ ತಪ್ಪು. ಅದೇ ದಿನಗಳಲ್ಲಿ ಪಾಕಿಸ್ತಾನದ ಸೇನಾ ವಕ್ತಾರರು ತಮ್ಮ ಎರಡು ವಿಮಾನ ಹೋದವು ಅಂತ ಒಪ್ಪಿಕೊಳ್ಳುವ ವಿಡಿಯೊ ಬಂತು. ಅದನ್ನು ನಾನೇ ನಾಲ್ಕು ಗ್ರೂಪಿಗೆ ಕಳಿಸಿದೆ. ಖುಷಿಯಿಂದ. ಅದೂ ನಕಲಿ. ಹಳೆ ಪತ್ರಿಕಾಗೋಷ್ಠಿಯ ವಿಡಿಯೊ ಇಟ್ಟುಕೊಂಡು ಧ್ವನಿ ಮತ್ತು ತುಟಿಯನ್ನು ಎಐನಲ್ಲಿ ಬದಲಾಯಿಸಿದ್ದರು. ಕೆಲವು ದೊಡ್ಡ ಮಾಧ್ಯಮಗಳೂ ನಂಬಿ ಹಾಕಿದ್ದವು, ಅದೊಂದು ಸಮಾಧಾನ. ಚಿಗವ್ವನನ್ನು ಹೆದರಿಸಿದವನ ಮೇಲೆ ನನಗೆ ಸಿಟ್ಟು. ಆದರೆ ಗಡಿಯ ಆ ಕಡೆ ಯಾರದೋ ಚಿಗವ್ವನಿಗೆ ನಾನೇನು ಮಾಡಿದೆ?

ಇಷ್ಟೂ ಸಾಲದು ಅಂತ ವ್ಯಾಪಾರಿಗಳ ಗ್ರೂಪಿನಲ್ಲಿ ಇನ್ನೊಂದು. ಪಾಕಿಸ್ತಾನ ಗಡಿಯ ಅಟ್ಟಾರಿ ಗೇಟ್ ಬಂದ್ ಆಗಿದೆ, ಅಫ್ಘಾನ್ ಮಾಲು ಬರಲ್ಲ, ಒಣದ್ರಾಕ್ಷಿ ರೇಟ್ ಏರುತ್ತೆ, ಕೋಲ್ಡ್ ಸ್ಟೋರೇಜ್‌ನಿಂದ ತೆಗೀಬೇಡಿ ಅಂತ. ಗೇಟ್ ಬಂದ್ ಆಗಿದ್ದು ನಿಜ. ಉಳಿದಿದ್ದು ಅವನ ಲೆಕ್ಕಾಚಾರ. ನಾವು ಹಿಡಿದಿಟ್ಟೆವು. ಅದರ ಕತೆ ಬೇರೆ, ಬಿಡಿ.

ವಿದೇಶ ನೀತಿ ಅಂದರೆ ದಿಲ್ಲಿಯವರ ಕೆಲಸ ಅಂದುಕೊಂಡಿದ್ದೆ. ಈಗ ಅದು ನಮ್ಮ ಅಡುಗೆ ಮನೆಗೇ ಬಂತಲ್ಲ. ಇದು ನಿಜವಾಗಿ ಹೊಸದಾ? ಅಥವಾ ನಮಗೆ ಈಗ ಕಾಣ್ತಾ ಇದೆಯಾ?

ಬಾದಾಮಿ_ಮಾಸ್ತರ್

ತಮ್ಮಾ, ಮೊದಲು ಆ ಹುಡುಗ ಹೇಗಿದ್ದಾನೆ ಹೇಳು. ಅದನ್ನು ಬರೆಯದೆ ಪ್ರಶ್ನೆ ಕೇಳ್ತೀಯಲ್ಲ.

ಒಣದ್ರಾಕ್ಷಿ_ತಿಕೋಟಾ

ಕ್ಷಮಿಸಿ ಸರ್. ಆರಾಮ ಇದ್ದಾನೆ. ಮೇ 11ಕ್ಕೆ ಫೋನ್ ಬಂತು. ಎರಡು ನಿಮಿಷ ಮಾತು, ಅದರಲ್ಲಿ ಒಂದೂವರೆ ನಿಮಿಷ ಚಿಗವ್ವನ ಅಳು.

ಬಾದಾಮಿ_ಮಾಸ್ತರ್

ಒಳ್ಳೆಯದಾಯಿತು. ಈಗ ಪ್ರಶ್ನೆಗೆ ಬರೋಣ.

ಸಂದೇಶ ತಿದ್ದಿ ಯುದ್ಧ ಹಚ್ಚುವುದು ಹೊಸದಲ್ಲ. 1870ರ ಜುಲೈ 13. ಪ್ರಶ್ಯದ ರಾಜ ಎಮ್ಸ್ ಅನ್ನುವ ಊರಿನಲ್ಲಿ ಆರಾಮಕ್ಕೆ ಹೋಗಿದ್ದ. ಅಲ್ಲಿ ಫ್ರಾನ್ಸಿನ ರಾಯಭಾರಿ ಬಂದು ಮಾತಾಡಿದ. ಆ ಮಾತುಕತೆಯ ವರದಿ ತಂತಿಯಲ್ಲಿ ಪ್ರಶ್ಯದ ಪ್ರಧಾನಿ ಬಿಸ್ಮಾರ್ಕ್ ಕೈಗೆ ಬಂತು. ಬಿಸ್ಮಾರ್ಕ್ ಏನು ಮಾಡಿದ? ಕತ್ತರಿಸಿದ. ಉದ್ದನೆಯ ವರದಿಯನ್ನು ಚಿಕ್ಕದು ಮಾಡಿ ಪತ್ರಿಕೆಗಳಿಗೆ ಕೊಟ್ಟ. ಓದಿದ ಜರ್ಮನರಿಗೆ ನಮ್ಮ ರಾಜನಿಗೆ ಅವಮಾನ ಆಯಿತು ಅನಿಸಬೇಕು, ಫ್ರೆಂಚರಿಗೆ ನಮ್ಮ ರಾಯಭಾರಿಗೆ ಅವಮಾನ ಆಯಿತು ಅನಿಸಬೇಕು, ಹಾಗೆ. 19ನೇ ತಾರೀಖಿಗೆ ಫ್ರಾನ್ಸ್ ಯುದ್ಧ ಸಾರಿತು. ಆರು ದಿನ. ಎಐ ಇಲ್ಲ, ಇಂಟರ್ನೆಟ್ ಇಲ್ಲ, ಒಂದು ಪೆನ್ನು ಅಷ್ಟೇ.

ಇನ್ನೂ ಹಿಂದೆ ಹೋದರೆ ನಮ್ಮ ಬಾದಾಮಿಯೇ ಇದೆ. ಇಮ್ಮಡಿ ಪುಲಕೇಶಿಗೂ ಪರ್ಷಿಯದ ಎರಡನೇ ಖುಸ್ರೋ ದೊರೆಗೂ ಪತ್ರ, ಕಾಣಿಕೆಗಳ ಓಡಾಟ ಇತ್ತು ಅಂತ ಅರಬ್ಬಿಯಲ್ಲಿ ಬರೆದ ತಬರಿಯ ಇತಿಹಾಸ ಓದಿದ ವಿದ್ವಾಂಸರು ಹೇಳುತ್ತಾರೆ. ಒಂದು ಪತ್ರ ಸಮುದ್ರ ದಾಟಿ ಹೋಗಿ ಉತ್ತರ ಬರಬೇಕಾದರೆ ತಿಂಗಳುಗಟ್ಟಲೆ. ಅಷ್ಟರಲ್ಲಿ ಸಿಟ್ಟು ಅರ್ಧ ಆರಿರುತ್ತೆ. ಈಗ ಆರುವುದಕ್ಕೆ ಜಾಗವೇ ಇಲ್ಲ. ಹೊಸದು ಅಂದರೆ ಅದೇ, ಸುಳ್ಳಲ್ಲ.

ಗುಮ್ಮಟ_ಹುಡುಗ

ನಮ್ಮ ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತೆ. ವಾಟ್ಸಾಪ್‌ನಲ್ಲಿ ಏಳು ಲಕ್ಷ ಸಲ!

ಬಾದಾಮಿ_ಮಾಸ್ತರ್

ಇದು ಬರುತ್ತೆ ಅಂತ ಕಾಯ್ತಾ ಇದ್ದೆ. ವಿಜಯಪುರದವರು ಯಾವ ಚರ್ಚೆಗಾದರೂ ಗುಮ್ಮಟ ಹೊತ್ತು ತರುತ್ತೀರಿ.

ಗುಮ್ಮಟ_ಹುಡುಗ

ನೀವು ಪುಲಕೇಶಿಯನ್ನು ಹೊತ್ತು ತಂದಿದ್ದು ಹಗುರ ಇತ್ತಾ ಸರ್?

ಜಮಖಂಡಿ_ಕೋಡ್

ಸಾಫ್ಟ್‌ವೇರ್ ಕೆಲಸ ನಂದು, ಊರು ಜಮಖಂಡಿ, ಇರುವುದು ಬೆಂಗಳೂರು. ಒಂದು ವಿಷಯ ಬೇರೆ ಮಾಡಿ ಹೇಳ್ತೀನಿ ಅಣ್ಣಾ. ನೀವು ಕಳಿಸಿದ ವಿಡಿಯೊ ಮತ್ತು ನಿಮ್ಮ ಚಿಗವ್ವನಿಗೆ ಬಂದದ್ದು ಒಂದೇ ಜಾತಿ ಆಗಿರಬೇಕಿಲ್ಲ.

ನೀವು ಕಳಿಸಿದ್ದು ಡೀಪ್‌ಫೇಕ್. ಧ್ವನಿ ಎಐ, ತುಟಿ ಎಐ. ಆದರೆ ಯುದ್ಧದ ಸಮಯದಲ್ಲಿ ಓಡಾಡುವ ಸುಳ್ಳಿನಲ್ಲಿ ಬಹಳಷ್ಟಕ್ಕೆ ಎಐ ಬೇಕಾಗೇ ಇಲ್ಲ. ಯಾವುದೋ ದೇಶದ ಹಳೆ ಸ್ಫೋಟ, ಮೇಲೆ ಹೊಸ ಹೆಸರು, ಅಷ್ಟೇ. ಆರ್ಮಾ 3 ಅಂತ ಒಂದು ಕಂಪ್ಯೂಟರ್ ಗೇಮ್ ಇದೆ. ಅದರ ದೃಶ್ಯಗಳನ್ನು ಉಕ್ರೇನ್ ಯುದ್ಧ ಅಂತ ಹಂಚಿದರು. ಎಷ್ಟು ಜಾಸ್ತಿ ಆಯಿತು ಅಂದರೆ 2022ರ ನವೆಂಬರ್‌ನಲ್ಲಿ ಗೇಮ್ ಮಾಡಿದ ಕಂಪನಿಯೇ ಹೇಳಿಕೆ ಕೊಡಬೇಕಾಯಿತು: ಇದು ನಮ್ಮ ಆಟ, ಯುದ್ಧ ಅಲ್ಲ, ಗುರುತು ಹಿಡಿಯುವುದು ಹೀಗೆ ಅಂತ. ರಾತ್ರಿಯ ದೃಶ್ಯ, ನಡುಗುವ ಕ್ಯಾಮೆರಾ, ಮಸುಕು ಚಿತ್ರ ಇದ್ದರೆ ಅನುಮಾನ ಪಡಿ ಅಂತ ಅವರೇ ಬರೆದಿದ್ದರು.

ಇನ್ನು ನಿಜವಾದ ಡೀಪ್‌ಫೇಕ್. 2022ರ ಮಾರ್ಚ್‌ನಲ್ಲಿ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ 'ಶಸ್ತ್ರ ಕೆಳಗಿಡಿ' ಅನ್ನುವ ವಿಡಿಯೊ ಬಂತು. ಅಲ್ಲಿನ ಒಂದು ಸುದ್ದಿ ವಾಹಿನಿಯ ವೆಬ್‌ಸೈಟ್ ಹ್ಯಾಕ್ ಮಾಡಿ ಹಾಕಿದ್ದರು. ತಲೆ ದೊಡ್ಡದು, ಮೈ ಅಲ್ಲಾಡುವುದೇ ಇಲ್ಲ, ನಮ್ಮ ಜಾತ್ರೆಯ ಫೋಟೊ ಸ್ಟುಡಿಯೊದಲ್ಲಿ ರಟ್ಟಿನ ಗೊಂಬೆಗೆ ತಲೆ ಇಟ್ಟು ಫೋಟೊ ತೆಗೆಸ್ತಾರಲ್ಲ, ಹಾಗೆ. ಯಾರೂ ನಂಬಲಿಲ್ಲ. ಅದು ಕೆಟ್ಟದಾಗಿತ್ತು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಮುಖ್ಯ ಅನಿಸುತ್ತೆ: ಇಂಥ ವಿಡಿಯೊ ಬರಬಹುದು ಅಂತ ಉಕ್ರೇನ್ ಸರ್ಕಾರ ಎರಡು ವಾರ ಮೊದಲೇ ಜನರಿಗೆ ಹೇಳಿಟ್ಟಿತ್ತು. ಸುಳ್ಳು ಬಂದಾಗ ಜನ 'ಓ, ಬಂತಲ್ಲ' ಅಂದರು. ಝೆಲೆನ್‌ಸ್ಕಿ ತಾನೇ ಫೋನಿನಲ್ಲಿ ಮಾತಾಡಿ ವಿಡಿಯೊ ಹಾಕಿದರು.

ಮೂರು ವರ್ಷದಲ್ಲಿ ಎಷ್ಟು ದೂರ ಬಂದೆವು ನೋಡಿ. ಆಗ ರಟ್ಟಿನ ಗೊಂಬೆ. ಈಗ ನಿಮ್ಮಂಥವರು ನಾಲ್ಕು ಗ್ರೂಪಿಗೆ ಕಳಿಸುವಷ್ಟು ಚೆನ್ನಾಗಿದೆ. (ಕಾಲೆಳೀತಿಲ್ಲ. ನಾನೂ ಅದನ್ನು ಒಂದು ಗ್ರೂಪಿಗೆ ಕಳಿಸಿದ್ದೆ. ಎಂಜಿನಿಯರ್ ಅಂತೆ.)

ಒಣದ್ರಾಕ್ಷಿ_ತಿಕೋಟಾ

ಹಾಗಾದರೆ ನಂಗೊಬ್ಬ ಜೊತೆಗಾರ ಸಿಕ್ಕ.

ಜಮಖಂಡಿ_ಕೋಡ್

ಜೊತೆಗಾರ್ತಿ ಅಣ್ಣಾ.

ಇನ್ನೊಂದು ಹೇಳಿ ಮುಗಿಸ್ತೀನಿ. ನಕಲಿ ಜಾಸ್ತಿ ಆದಷ್ಟೂ ಅಸಲಿಗೂ ಮರ್ಯಾದೆ ಹೋಗುತ್ತೆ. ನಾಳೆ ಒಬ್ಬ ಮಂತ್ರಿ ನಿಜವಾಗಿಯೂ ಏನೋ ಅಂದಿರುತ್ತಾನೆ, ಸಿಕ್ಕಿಬಿದ್ದಾಗ 'ಅದು ಎಐ' ಅಂತಾನೆ. ನಾವೆಲ್ಲ ಇರಬಹುದು ಅಂತೀವಿ. ದೇಶದ ವಿಷಯದಲ್ಲಿ ಇದು ಇನ್ನೂ ಕಷ್ಟ. ಯಾವುದೋ ಊರಿನ ಮೇಲೆ ಬಾಂಬ್ ಬಿದ್ದ ಫೋಟೊ ನಿಜ ಇದ್ದರೂ, ಹಾಕಿದವರು ಎಐ ಅಂದುಬಿಟ್ಟರೆ ಸಾಬೀತು ಮಾಡುವವರು ಯಾರು? ಎಷ್ಟು ದಿನ? 2023ರ ಮೇನಲ್ಲಿ ಪೆಂಟಗನ್ ಹತ್ತಿರ ಸ್ಫೋಟ ಅಂತ ಒಂದು ಎಐ ಚಿತ್ರ ಬಂದು ಅಮೆರಿಕದ ಷೇರು ಪೇಟೆ ಕೆಲ ನಿಮಿಷ ಕೆಳಗೆ ಹೋಗಿ ಬಂತು. ಸುಳ್ಳು ಅಂತ ಬೇಗ ಗೊತ್ತಾಯಿತು. ಆ ಕೆಲ ನಿಮಿಷದಲ್ಲಿ ಷೇರಿನ ಬದಲು ಕ್ಷಿಪಣಿಯ ಗುಂಡಿ ಮೇಲೆ ಕೈ ಇದ್ದವನು ಇದ್ದರೆ ಅಂತ ಯೋಚಿಸಿ.

ನಿಪ್ಪಾಣಿ_ಗಡಿ

ಬೆಳಗಾವಿ ಕಡೆಯವರಿಗೆ ಇದೆಲ್ಲ ವಿವರಿಸಿ ಹೇಳೋದು ಬೇಡ. ಯಾರೋ ಬಸ್ಸಿನಲ್ಲಿ ಟಿಕೆಟ್ ವಿಷಯಕ್ಕೆ, ಭಾಷೆ ವಿಷಯಕ್ಕೆ ಜಗಳಾಡಿದ ವಿಡಿಯೊ ಬಂದರೆ ಸಾಕು. ಸಂಜೆಯೊಳಗೆ ಕೊಲ್ಹಾಪುರದ ಬಸ್ ನಿಪ್ಪಾಣಿವರೆಗೆ ಮಾತ್ರ. ನನ್ನ ತಂಗಿಯನ್ನು ಕೊಟ್ಟಿರುವುದು ಮಹಾರಾಷ್ಟ್ರದ ಕಾಗಲ್‌ಗೆ. 20 ಕಿಲೋಮೀಟರ್ ಒಳಗೇ. ಬಸ್ ನಿಂತ ದಿನ ಅದು ಪರದೇಶ.

ನಾನು ಹೇಳಬೇಕಾಗಿದ್ದು ನಕ್ಷೆ ಬಗ್ಗೆ. 1956ರಿಂದ ನಾವು ಗಡಿ ಗಡಿ ಅಂತಲೇ ಬೆಳೆದವರು. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋಯಿತು. ಏನೇ ಇರಲಿ, ಗಡಿ ಎಲ್ಲಿ ಅನ್ನುವುದಕ್ಕೆ ಕಾಗದ ಇದೆ, ಕೋರ್ಟ್ ಇದೆ. 2010ರಲ್ಲಿ ಮಧ್ಯ ಅಮೆರಿಕದಲ್ಲಿ ಏನಾಯಿತು ಗೊತ್ತಾ? ನಿಕರಾಗುವಾದ ಸೈನಿಕರು ನದಿ ದಾಟಿ ಕೋಸ್ಟರಿಕಾದವರು ನಮ್ಮದು ಅನ್ನುವ ಜಾಗಕ್ಕೆ ಹೋಗಿ ಕೂತರು. ಯಾಕ್ರಪ್ಪಾ ಅಂದರೆ ಅವರ ಕಮಾಂಡರ್ ಗೂಗಲ್ ಮ್ಯಾಪ್ ತೋರಿಸಿದ. ಗೂಗಲ್‌ನ ಗೆರೆ ಅಲ್ಲಿ ಎರಡೂವರೆ ಕಿಲೋಮೀಟರಿಗಿಂತ ಜಾಸ್ತಿ ತಪ್ಪಾಗಿತ್ತು! ಗೂಗಲ್ ಆಮೇಲೆ ತಿದ್ದಿತು. ಆದರೆ ಜಗಳ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ 2015ರಲ್ಲಿ ಜಾಗ ಕೋಸ್ಟರಿಕಾದ್ದು ಅಂತ ತೀರ್ಪಾಯಿತು. ಐದು ವರ್ಷ. ನಮಗಿಂತ ಬೇಗ, ಬಿಡಿ.

ಹಾಗಂತ ಮ್ಯಾಪ್‌ನಿಂದಲೇ ಜಗಳ ಹುಟ್ಟಿತು ಅಂತಲ್ಲ. ಮನಸ್ಸಿನಲ್ಲಿ ಇದ್ದವರಿಗೆ ಅದೊಂದು ನೆಪ. ಅದೇ ಕಂಪನಿ ಕಾಶ್ಮೀರದ ಗೆರೆಯನ್ನು ನಮಗೆ ಒಂದು ಥರ, ಹೊರಗಿನವರಿಗೆ ಇನ್ನೊಂದು ಥರ ತೋರಿಸುತ್ತೆ. ಪ್ರತಿ ದೇಶದ ಕಾನೂನು ಪಾಲಿಸ್ತೀವಿ ಅಂತಾರೆ. ವ್ಯಾಪಾರಕ್ಕೆ ಸರಿ. ಆದರೆ ಒಂದೇ ಭೂಮಿಗೆ ಎರಡು ನಕ್ಷೆ ಇಟ್ಟುಕೊಂಡು ಇಬ್ಬರಿಗೂ ತೋರಿಸುವ ಮೂರನೆಯವನು ಇರ್ತಾನಲ್ಲ, ಊರ ಕಡೆ ಅವನಿಗೆ ಏನಂತಾರೆ ಅಂತ ಇಲ್ಲಿ ಬರೆಯಲ್ಲ.

ನಿರ್ವಾಹಕರು

ಬರೆಯದೆ ಇದ್ದಿದ್ದಕ್ಕೆ ಧನ್ಯವಾದ. ಬೆಳಗಾವಿ ಗಡಿ ವಿಷಯಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅದನ್ನು ಇಲ್ಲಿ ಬೆಳೆಸಬೇಡಿ. ಎರಡು ಕಾಮೆಂಟ್ ತೆಗೆದಿದ್ದೇವೆ.

ಉದ್ಯಮಬಾಗ್_ಲೇಥ್

ನೀವೆಲ್ಲ ವಿಡಿಯೊ ವಿಡಿಯೊ ಅಂತಿದ್ದೀರಿ. ನನ್ನ ಪ್ರಕಾರ ನಿಜವಾದ ಆಟ ಬೇರೆ ಕಡೆ ನಡೀತಿದೆ. ಮಷಿನ್‌ನಲ್ಲಿ.

ನಾನು 22 ವರ್ಷದಿಂದ ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಟರ್ನರ್. ಮೊದಲು ಮಾಮೂಲಿ ಲೇಥ್, ಈಗ ಕಂಪ್ಯೂಟರ್ ನಡೆಸುವ ಸಿಎನ್‌ಸಿ. ಹತ್ತು ಮೈಕ್ರಾನ್ ಆಚೀಚೆ ಆದರೆ ಪಾರ್ಟಿ ಮಾಲು ವಾಪಸ್ ಕಳಿಸುತ್ತೆ. ಹತ್ತು ಮೈಕ್ರಾನ್ ಅಂದರೆ ತಲೆಗೂದಲಿನ ಒಂದು ಸಣ್ಣ ಪಾಲು. ನಾವು ಅದರಲ್ಲೇ ಜಂಬ ಪಡ್ತೀವಿ. ಈಗ ಕೇಳಿ. ಎಐಗೆ ಬೇಕಾದ ಚಿಪ್ ಮಾಡುವ ಅತಿ ಸೂಕ್ಷ್ಮ ಮಷಿನ್ ಪ್ರಪಂಚದಲ್ಲಿ ಒಂದೇ ಕಂಪನಿ ಮಾಡುತ್ತೆ, ನೆದರ್ಲೆಂಡ್ಸ್‌ನ ಎಎಸ್‌ಎಂಎಲ್. ಅದರೊಳಗೆ ಕರಗಿದ ತವರದ ಹನಿಗಳು ಬೀಳ್ತವೆ, ಸೆಕೆಂಡಿಗೆ 50,000. ಒಂದೊಂದು ಹನಿಗೂ ಲೇಸರ್ ಹೊಡೆಯುತ್ತೆ. ಅದರಿಂದ ಬರುವ ಬೆಳಕಿನ ಅಲೆ 13.5 ನ್ಯಾನೋಮೀಟರ್. ನನ್ನ ಹತ್ತು ಮೈಕ್ರಾನ್ ಅದರ ಮುಂದೆ ಹೆದ್ದಾರಿ! ಕನ್ನಡಿ ಜರ್ಮನಿಯ ಝೈಸ್‌ನದು. ಚಿಪ್ ಮಾಡುವುದು ಹೆಚ್ಚಾಗಿ ತೈವಾನ್‌ನಲ್ಲಿ. ಇದನ್ನು ಓದಿದ ದಿನ ನಾನು ಊಟಕ್ಕೆ ಕೂತಲ್ಲೇ ಹೆಂಡತಿಗೆ ಎರಡು ಸಲ ಹೇಳಿದೆ. ಅವಳು ಪಲ್ಯ ಬೇಕಾ ಅಂತ ಕೇಳಿದಳು.

ಆ ಮಷಿನ್ ಚೀನಾಗೆ ಮಾರುವ ಹಾಗಿಲ್ಲ. ಅಮೆರಿಕ ಒತ್ತಡ ಹಾಕಿತು, ಡಚ್ಚರು ಪರವಾನಗಿ ಕೊಡಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಅಮೆರಿಕ ಒಳ್ಳೆ ಚಿಪ್‌ಗಳನ್ನೇ ಚೀನಾಗೆ ಕೊಡಬಾರದು ಅಂತ ನಿಯಮ ಮಾಡಿತು. ಹಿಂದೆ ಒಂದು ದೇಶವನ್ನು ಬಗ್ಗಿಸಬೇಕಾದರೆ ಎಣ್ಣೆ ನಿಲ್ಲಿಸುತ್ತಿದ್ದರು. ಈಗ ಇದು. ಆದರೆ ಚೀನಾ ಸುಮ್ನೆ ಕೂತಿಲ್ಲ. 2025ರ ಜನವರಿಯಲ್ಲಿ ಡೀಪ್‌ಸೀಕ್ ಬಂತು. ಕಡಿಮೆ ಖರ್ಚಿನಲ್ಲಿ ಒಳ್ಳೆ ಎಐ ಮಾಡಿದ್ದೀವಿ ಅಂದರು. ಒಂದೇ ದಿನ, 27ನೇ ತಾರೀಖು, ಅಮೆರಿಕದ ಎಐ ಚಿಪ್ ಕಂಪನಿ ಎನ್‌ವಿಡಿಯಾದ ಷೇರು ಮೌಲ್ಯ ಸುಮಾರು 60,000 ಕೋಟಿ ಡಾಲರ್ ಇಳಿಯಿತು.

ಆಮೇಲೆ ಏಪ್ರಿಲ್‌ನಲ್ಲಿ ಚೀನಾ ತನ್ನ ಕೈಯಲ್ಲಿರುವ ಆಯುಧ ತೆಗೆಯಿತು. ವಿರಳ ಲೋಹ, ಅದರ ಮ್ಯಾಗ್ನೆಟ್. ಪರವಾನಗಿ ಇಲ್ಲದೆ ಹೊರಗೆ ಹೋಗಬಾರದು ಅಂತ. ಅದು ನನಗೆ ಗೊತ್ತಾಗಿದ್ದು ಪೇಪರಿನಿಂದ ಅಲ್ಲ. ನಾವು ಒಂದು ಮೋಟಾರ್ ಪಾರ್ಟಿಗೆ ಶಾಫ್ಟ್ ಮಾಡಿಕೊಡ್ತಿದ್ದೆವು. ಅವರು ಫೋನ್ ಮಾಡಿ, ಮ್ಯಾಗ್ನೆಟ್ ಬಂದಿಲ್ಲ, ನಿಮ್ಮ ಶಾಫ್ಟ್ ಇಟ್ಟುಕೊಂಡು ಏನು ಮಾಡೋದು, ಎರಡು ತಿಂಗಳು ತಡೀರಿ ಅಂದರು. ಮಾಡಿಟ್ಟ ಮಾಲಿಗೆ ತುಕ್ಕು ಹಿಡಿಯಬಾರದು ಅಂತ ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಸುತ್ತಿ ಶೆಡ್ಡಿನ ಮೂಲೆಗೆ ಇಟ್ಟೆ. ಎರಡು ಹುಡುಗರ ಓವರ್‌ಟೈಮ್ ಹೋಯಿತು. ಬೀಜಿಂಗ್‌ಗೂ ವಾಷಿಂಗ್ಟನ್‌ಗೂ ಜಗಳ, ಎಣ್ಣೆ ಹಚ್ಚುವವನು ನಾನು.

ಗುಮ್ಮಟ_ಹುಡುಗ

ಕಾಕಾ, ಪಲ್ಯ ತಗೊಂಡ್ರಾ?

ಉದ್ಯಮಬಾಗ್_ಲೇಥ್

ತಗೊಂಡೆ. ಬದನೆಕಾಯಿ.

ಇಳಕಲ್_ಸೆರಗು

ನನ್ನದು ಸಣ್ಣ ವಿಷಯ, ಆದರೆ ಇಲ್ಲಿಗೆ ಸೇರುತ್ತೆ ಅನಿಸುತ್ತೆ. ನಾನು ಆನ್‌ಲೈನ್‌ನಲ್ಲಿ ಇಳಕಲ್ ಸೀರೆ ಮಾರುತ್ತೇನೆ. ಕನ್ನಡದಲ್ಲೇ ಬರೀತೀನಿ, ಆ್ಯಪ್ ತಾನಾಗಿಯೇ ಇಂಗ್ಲಿಷ್ ಮಾಡುತ್ತೆ. ಒಂದು ಸಲ 'ತೋಪು ತೆನೆ ಸೆರಗು' ಅಂತ ಬರೆದಿದ್ದೆ, ಅದು ನಮ್ಮ ಸೆರಗಿನ ವಿನ್ಯಾಸದ ಹೆಸರು. ಹೊರದೇಶದಿಂದ ಒಬ್ಬ ಹೆಂಗಸು ಕೇಳಿದರು: ನಿಮ್ಮ ಸೀರೆಯಲ್ಲಿ ಫಿರಂಗಿ ಯಾಕಿದೆ? ನಗು ಬಂತು. ಆರ್ಡರ್ ಮಾತ್ರ ಬರಲಿಲ್ಲ.

ನನ್ನ ಸೀರೆ ಹೋಗಲಿ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿಗಳು ಅಂತಿಮ ದರ್ಶನ ಪಡೆದರು ಅಂತ ಕನ್ನಡದಲ್ಲಿ ಪೋಸ್ಟ್ ಬಂತು. ಫೇಸ್‌ಬುಕ್‌ನ ಯಂತ್ರ ಅದನ್ನು ಇಂಗ್ಲಿಷ್ ಮಾಡಿ ಮುಖ್ಯಮಂತ್ರಿಗಳೇ ತೀರಿಕೊಂಡರು ಅಂದಿತು! ಸಿದ್ದರಾಮಯ್ಯನವರು ಪತ್ರ ಬರೆದರು, ಮೆಟಾ ಕ್ಷಮೆ ಕೇಳಿತು. ಇನ್ನೊಂದು ಇದಕ್ಕಿಂತ ಕೆಟ್ಟದು. 2020ರ ಜನವರಿಯಲ್ಲಿ ಚೀನಾ ಅಧ್ಯಕ್ಷರು ಮ್ಯಾನ್ಮಾರ್‌ಗೆ ಹೋಗಿದ್ದರು. ಬರ್ಮಾ ಭಾಷೆಯ ಪೋಸ್ಟ್‌ನಲ್ಲಿ ಅವರ ಹೆಸರನ್ನು ಅದೇ ಯಂತ್ರ ಇಂಗ್ಲಿಷಿಗೆ ಮಾಡುವಾಗ ಒಂದು ಹೊಲಸು ಬೈಗುಳ ಮಾಡಿಬಿಟ್ಟಿತು. ಆಗಲೂ ಕ್ಷಮೆ. ನಾವು ಮನೆಗೆ ಬೀಗರು ಬಂದಾಗ ಒಂದು ಮಾತು ತಪ್ಪಿದರೆ ವರ್ಷ ಪೂರ್ತಿ ಆಡಿಕೊಳ್ಳುತ್ತಾರೆ. ದೇಶದ ದೊರೆಗೆ ಹಾಗಾದರೆ?

ಎರಡರಲ್ಲೂ ಒಂದು ಗಮನಿಸಿ. ತಪ್ಪಾಗಿದ್ದು ಕನ್ನಡದಿಂದ, ಬರ್ಮಾದಿಂದ. ಇಂಗ್ಲಿಷಿನಿಂದ ಫ್ರೆಂಚಿಗೆ ಹೋಗುವಾಗ ಇಷ್ಟು ಎಡವುವುದಿಲ್ಲ. ಯಂತ್ರಕ್ಕೆ ಓದಲು ನಮ್ಮ ಭಾಷೆ ಕಡಿಮೆ ಸಿಕ್ಕಿದೆ. ಅದಕ್ಕೇ ಸರ್ಕಾರ ಭಾಷಿಣಿ ಅಂತ ಅನುವಾದದ ವ್ಯವಸ್ಥೆ ಮಾಡಿದ್ದು. ಒಳ್ಳೆ ಕೆಲಸ. ಆದರೆ ತೋಪು ತೆನೆ ಅಂದರೆ ಏನು ಅಂತ ಅದಕ್ಕೆ ಹೇಳಿಕೊಡುವವರು ದಿಲ್ಲಿಯಲ್ಲಿ ಇಲ್ಲ, ಇಳಕಲ್‌ನ ಮಗ್ಗದ ಗುಂಡಿಯಲ್ಲಿ ಕೂತಿದ್ದಾರೆ. ಅವರನ್ನು ಯಾರೂ ಇದುವರೆಗೆ ಕೇಳಿಲ್ಲ.

ಬಾದಾಮಿ_ಮಾಸ್ತರ್

ಅಕ್ಕಾರೆ, ನಿಮ್ಮದು ಸಣ್ಣ ವಿಷಯ ಅಲ್ಲವೇ ಅಲ್ಲ. ಇಷ್ಟು ಹೊತ್ತಿನವರೆಗೆ ಬಂದದ್ದರಲ್ಲಿ ನನಗೆ ಇದೇ ತೂಕದ್ದು ಅನಿಸಿತು.

ಮುಧೋಳ_ಮದುಮಗ

ನನ್ನ ಅನುಭವ ನಗೆಪಾಟಲು, ಹೇಳಿಬಿಡ್ತೀನಿ. 2024ರ ಫೆಬ್ರವರಿಯಲ್ಲಿ ನಮ್ಮ ಮದುವೆ. ಮಾಲ್ಡೀವ್ಸ್‌ಗೆ ಹೋಗೋದು ಅಂತ ಅಡ್ವಾನ್ಸ್ ಕೊಟ್ಟಿದ್ದೆ. ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪದ ಫೋಟೊ ಹಾಕಿದರು. ಅದಕ್ಕೆ ಮಾಲ್ಡೀವ್ಸ್‌ನ ಮೂವರು ಉಪಮಂತ್ರಿಗಳು ಕೆಟ್ಟದಾಗಿ ಬರೆದರು. ನಮ್ಮ ಕಡೆ ಬಹಿಷ್ಕಾರದ ಹ್ಯಾಶ್‌ಟ್ಯಾಗ್. ಮೂವರನ್ನೂ ಅವರ ಸರ್ಕಾರ ಅಮಾನತು ಮಾಡಿತು. ಅಷ್ಟಕ್ಕೆ ಮುಗಿಯಿತಾ? ನಮ್ಮ ಮಾವನವರು ಫೋನ್ ಮಾಡಿ, 'ಅಳಿಯಂದ್ರೇ, ದೇಶದ ಮರ್ಯಾದೆ ಪ್ರಶ್ನೆ' ಅಂದರು. ಮಾವನ ಮರ್ಯಾದೆ ಪ್ರಶ್ನೆ ಅಂತ ನನಗೆ ಅರ್ಥ ಆಯಿತು. ಅಂಡಮಾನ್‌ಗೆ ಹೋದೆವು. ಅಡ್ವಾನ್ಸ್ ಹೋಯಿತು.

2023ರಲ್ಲಿ ಮಾಲ್ಡೀವ್ಸ್‌ಗೆ ಅತಿ ಹೆಚ್ಚು ಜನ ಹೋಗಿದ್ದು ನಮ್ಮ ದೇಶದಿಂದಲೇ, ಸುಮಾರು 2 ಲಕ್ಷ. ಮಾರನೇ ವರ್ಷ ಬಹಳ ಇಳಿಯಿತು. ಆಮೇಲೆ ಏನಾಯಿತು? 2025ರ ಜುಲೈನಲ್ಲಿ ಅವರ ಸ್ವಾತಂತ್ರ್ಯೋತ್ಸವಕ್ಕೆ ನಮ್ಮ ಪ್ರಧಾನಿಯೇ ಮುಖ್ಯ ಅತಿಥಿ. ದೊಡ್ಡವರು ಕೈ ಕುಲುಕಿದರು. ನನ್ನ ಅಡ್ವಾನ್ಸ್ ಮಾತ್ರ ಈಗಲೂ ವೈರಿಗಳ ಕೈಯಲ್ಲಿದೆ.

ಗುಮ್ಮಟ_ಹುಡುಗ

ಇದಕ್ಕೆ ವಿಶ್ವಸಂಸ್ಥೆಯಲ್ಲೇ ದೂರು ಕೊಡಬೇಕು.

ಜಮಖಂಡಿ_ಕೋಡ್

ವಿಶ್ವಸಂಸ್ಥೆ ಅಂದಿದ್ದಕ್ಕೆ ನೆನಪಾಯಿತು. ಎಐ ಬಗ್ಗೆ ದೇಶಗಳೆಲ್ಲ ಕೂತು ಮಾತಾಡಿದ್ದಾರೆ. 2023ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಅಮೆರಿಕ, ಚೀನಾ, ಭಾರತ ಒಂದೇ ಕಾಗದಕ್ಕೆ ಒಪ್ಪಿದವು. 2025ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ ಜೊತೆ ಭಾರತವೇ ಅಧ್ಯಕ್ಷತೆ ವಹಿಸಿತ್ತು, ಅಲ್ಲಿ ಅಮೆರಿಕ ಮತ್ತು ಇಂಗ್ಲೆಂಡ್ ಸಹಿ ಹಾಕಲಿಲ್ಲ. ಹದಿನೈದು ತಿಂಗಳಲ್ಲಿ ಕರೆದವನೇ ಎದ್ದು ಹೋದ ಹಾಗಾಯಿತು.

ನಿವೃತ್ತ_ಸುಬೇದಾರ್_ಬೆಳಗಾವಿ

ಎಲ್ಲ ಓದಿದೆ. 28 ವರ್ಷ ಸೇವೆ. ಮೊದಲ ಪೋಸ್ಟ್ ಹಾಕಿದ ತಮ್ಮನಿಗೆ: ಜವಾನನ ಫೋನ್ ಹತ್ತದೆ ಇದ್ದರೆ ಅದು ಒಳ್ಳೆಯ ಸುದ್ದಿ ಅಂತ ತಿಳೀರಿ. ಫೋನ್ ಬಂದ್ ಇಡು ಅಂತ ಹೇಳಿರುತ್ತಾರೆ, ಅವನು ಮಾತು ಕೇಳ್ತಿದ್ದಾನೆ ಅಂತ ಅರ್ಥ. 2020ರಲ್ಲಿ ಗಲ್ವಾನ್‌ನಲ್ಲಿ ಚೀನಾ ಜೊತೆ ಕಾದಾಟ ಆದ ಮೇಲೆ ಸರ್ಕಾರ ಟಿಕ್‌ಟಾಕ್ ಸೇರಿ 59 ಚೀನಾ ಆ್ಯಪ್ ನಿಲ್ಲಿಸಿತು, ಅದು ಎಲ್ಲರಿಗೂ ಗೊತ್ತು. ಅದರ ಮರು ತಿಂಗಳು ಸೈನ್ಯ 89 ಆ್ಯಪ್ ತೆಗೆಯಿರಿ ಅಂತ ಜವಾನರಿಗೆ ಹೇಳಿತು, ಫೇಸ್‌ಬುಕ್ ಕೂಡ ಅದರಲ್ಲಿತ್ತು. ಹುಡುಗರು ಗೊಣಗಿದರು. ಸೆಲ್ಫಿ ಹಿಂದಿನ ಗುಡ್ಡ ನೋಡಿ ಜಾಗ ಗುರುತಿಸುವವರು ಇದ್ದಾರೆ ಅಂದಾಗ ಸುಮ್ಮನಾದರು.

ಆಯುಧದ ಬಗ್ಗೆ ಒಂದು ಮಾತು. ಮನುಷ್ಯ ಗುಂಡಿ ಒತ್ತದೆ ತಾನೇ ಗುರಿ ಹುಡುಕಿ ಹೊಡೆಯುವ ಆಯುಧಗಳ ಬಗ್ಗೆ ವಿಶ್ವಸಂಸ್ಥೆಯಲ್ಲಿ 2023ರ ಡಿಸೆಂಬರ್‌ನಲ್ಲಿ ನಿರ್ಣಯ ಬಂತು. 152 ದೇಶ ಪರ, 4 ವಿರುದ್ಧ. ಆ ನಾಲ್ಕರಲ್ಲಿ ರಷ್ಯಾ ಜೊತೆ ನಾವೂ ಇದ್ದೆವು. ಜಿನೀವಾದಲ್ಲಿ ಇದಕ್ಕೆ ಬೇರೆ ವೇದಿಕೆ ಇದೆ, ಅಲ್ಲೇ ಮಾತಾಡೋಣ ಅನ್ನುವುದು ನಮ್ಮ ವಾದ. ಎದುರಿಗಿರುವವರು ಮಾಡುತ್ತಿರುವಾಗ ನಾವು ಕೈ ಕಟ್ಟಿಕೊಳ್ಳಬಾರದು ಅನ್ನುವುದು ನನಗೂ ಗೊತ್ತು. ಆದರೆ ನಾನು ರಾತ್ರಿ ಕಾವಲಿನಲ್ಲಿ ಕುರಿ ಕಾಯುವವನ ಮೇಲೆ ಬಂದೂಕು ಹಿಡಿದವನು. ಅವನು ಕೆಮ್ಮಿದ. ನಾನು ಬಂದೂಕು ಇಳಿಸಿದೆ. ಆ ಕೆಮ್ಮಿನಲ್ಲಿ ನಮ್ಮಪ್ಪನ ಕೆಮ್ಮು ಕೇಳಿಸಿತು. ಯಂತ್ರಕ್ಕೆ ಇದನ್ನು ಯಾವ ಹುಡುಗ ಕಲಿಸುತ್ತಾನೋ ನೋಡೋಣ. 2024ರ ನವೆಂಬರ್‌ನಲ್ಲಿ ಬೈಡನ್ ಮತ್ತು ಷಿ ಜಿನ್‌ಪಿಂಗ್ ಲಿಮಾದಲ್ಲಿ ಸಿಕ್ಕಾಗ ಅಣ್ವಸ್ತ್ರ ಬಳಸುವ ತೀರ್ಮಾನ ಮನುಷ್ಯರ ಕೈಯಲ್ಲೇ ಇರಬೇಕು ಅಂತ ಒಪ್ಪಿದರು. ಅಷ್ಟಾದರೂ ಆಯಿತು.

ಮೇ 10ರ ದಿನ ನೆನಪಿದೆಯಾ? ಸಂಜೆ ಐದೂವರೆ ಸುಮಾರಿಗೆ ಅಮೆರಿಕದ ಅಧ್ಯಕ್ಷರ ಪೋಸ್ಟ್ ಬಂತು, ಯುದ್ಧ ನಿಂತಿದೆ ಅಂತ. ನಮ್ಮ ವಿದೇಶಾಂಗ ಕಾರ್ಯದರ್ಶಿ ಬಂದು ಹೇಳಿದ್ದು ಅದಾದ ಮೇಲೆ. ಎರಡು ದೇಶದ ಜನರಿಗೆ ತಮ್ಮ ಯುದ್ಧ ನಿಂತ ಸುದ್ದಿ ಮೂರನೇ ದೇಶದ ಒಬ್ಬರ ಫೋನಿನಿಂದ ಬಂತು. ಯಾರು ನಿಲ್ಲಿಸಿದರು ಅಂತ ಇವತ್ತಿಗೂ ವಾದ ಇದೆ. ಆದರೆ ವಿದೇಶಾಂಗ ಕಾರ್ಯದರ್ಶಿ ಒಂದು ಸಮಯ ಹೇಳಿದರು: ಮಧ್ಯಾಹ್ನ 3 ಗಂಟೆ 35 ನಿಮಿಷ. ಆಗ ಪಾಕಿಸ್ತಾನದ ಡಿಜಿಎಂಒ, ಅಂದರೆ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು, ನಮ್ಮ ಡಿಜಿಎಂಒಗೆ ಫೋನ್ ಮಾಡಿದ್ದು. 5 ಗಂಟೆಗೆ ನಿಲ್ಲಿಸೋಣ ಅಂತ ಮಾತಾಯಿತು. ಆ ಲೈನ್ ಹೊಸದಲ್ಲ. ಎರಡೂ ಕಡೆಯ ಸೈನ್ಯದವರು ವಾರಕ್ಕೊಮ್ಮೆ ಅದರಲ್ಲಿ ಮಾತಾಡುತ್ತಾರೆ, ಶಾಂತಿ ಇದ್ದಾಗಲೂ. ಮಾತಿಲ್ಲದಿದ್ದರೂ ಲೈನ್ ಸರಿ ಇದೆಯಾ ಅಂತ ನೋಡಲಿಕ್ಕಾದರೂ ಮಾತಾಡಬೇಕು. ಲಕ್ಷಾಂತರ ವಿಡಿಯೊ ಹಾರಾಡಿದ ವಾರದಲ್ಲಿ ಕೆಲಸ ಮಾಡಿದ್ದು ಒಬ್ಬರ ಧ್ವನಿ ಒಬ್ಬರಿಗೆ ಗೊತ್ತಿದ್ದ ಆ ಫೋನ್.

ಬಾದಾಮಿ_ಮಾಸ್ತರ್

ಸುಬೇದಾರ್ ಸಾಹೇಬರೇ, ಒಂದು ಸಣ್ಣ ಸೇರ್ಪಡೆ. 1963ರಲ್ಲಿ ಅಮೆರಿಕ, ರಷ್ಯಾ ಮಧ್ಯೆ ಹಾಟ್‌ಲೈನ್ ಹಾಕಿದರು. ಸಿನಿಮಾದಲ್ಲಿ ಕೆಂಪು ಫೋನ್ ತೋರಿಸುತ್ತಾರೆ. ನಿಜವಾಗಿ ಅದು ಫೋನೇ ಅಲ್ಲ, ಟೆಲಿಪ್ರಿಂಟರ್. ಬೇಕು ಅಂತಲೇ ಬರಹ ಇಟ್ಟರು. ಧ್ವನಿಯಲ್ಲಿ ಅವಸರ, ಸಿಟ್ಟು ಇರುತ್ತೆ, ತರ್ಜುಮೆಯಲ್ಲಿ ತಪ್ಪಾಗುತ್ತೆ, ಓದಿ ಯೋಚಿಸಿ ಉತ್ತರ ಕೊಡಲಿ ಅಂತ. ನಮ್ಮ ಇಳಕಲ್ ಅಕ್ಕಾರು ಹೇಳಿದ ಮಾತನ್ನು ಅವರು ಆಗಲೇ ತಿಳಿದಿದ್ದರು.

ಜಮಖಂಡಿ_ಕೋಡ್

ಈಗ ಧ್ವನಿಯನ್ನೇ ನಕಲು ಮಾಡಬಹುದಲ್ಲ ಸರ್. ಕೆಲವು ಸೆಕೆಂಡ್ ಮಾತು ಸಿಕ್ಕರೆ ಸಾಕು. ಸುಬೇದಾರ್ ಕಾಕಾ ಹೇಳಿದ 'ಧ್ವನಿ ಗೊತ್ತಿದ್ದ ಫೋನ್' ಸಾಲದು. ಲೈನ್ ಗೊತ್ತಿರಬೇಕು, ಆ ಕಡೆ ಇರುವವನಿಗೆ ಮಾತ್ರ ಗೊತ್ತಿರುವ ಒಂದು ವಿಷಯವೂ ಬೇಕು.

ನಿವೃತ್ತ_ಸುಬೇದಾರ್_ಬೆಳಗಾವಿ

ಅದಕ್ಕೆ ನಮ್ಮಲ್ಲಿ ಸಂಕೇತ ಪದ ಅಂತ ಇತ್ತಲ್ಲಮ್ಮಾ. ಕತ್ತಲಲ್ಲಿ ಯಾರು ಅಂತ ಕೇಳಿದರೆ ಹೆಸರು ಹೇಳಿದರೆ ನಡೆಯಲ್ಲ. ಆ ರಾತ್ರಿಯ ಪದ ಹೇಳಬೇಕು.

ಒಣದ್ರಾಕ್ಷಿ_ತಿಕೋಟಾ

ಎಲ್ಲರಿಗೂ ಧನ್ಯವಾದ. ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಲೇಥ್ ಕಾಕಾ, ನಿಮ್ಮ ಶಾಫ್ಟ್ ಹೋದವಾ ಹೇಳಿ. ಮುಧೋಳದ ಅಣ್ಣಾ, ನಿಮ್ಮ ಅಡ್ವಾನ್ಸ್‌ಗೆ ಸಂತಾಪ.

ಸುಬೇದಾರ್ ಸರ್ ಹೇಳಿದ್ದನ್ನು ಚಿಗವ್ವನಿಗೆ ಓದಿ ಹೇಳಿದೆ. ಫೋನ್ ಹತ್ತದಿದ್ದರೆ ಒಳ್ಳೆ ಸುದ್ದಿ ಅನ್ನುವುದಕ್ಕೆ ಅವಳು ಒಪ್ಪಲಿಲ್ಲ. 'ಅವರು ಗಂಡಸರು, ಹಂಗೇ ಅಂತಾರೆ' ಅಂದಳು. ಸಂಕೇತ ಪದ ಮಾತ್ರ ಹಿಡಿಸಿತು. ಅವಳ ಮಗ ದೀಪಾವಳಿ ರಜೆಗೆ ಬಂದಾಗ ಅವನ ಹತ್ತಿರ ಮಾತಾಡಿ ಗಟ್ಟಿ ಮಾಡಿಕೊಂಡಿದ್ದಾಳೆ. ಈಗ ಅವನ ಫೋನ್ ಬಂದರೆ ಉಂಡ್ಯಾ ಅಂತ ಕೇಳುವ ಮೊದಲು 'ನಮ್ಮ ಹಳೆ ಎಮ್ಮೆಯ ಹೆಸರೇನು' ಅಂತ ಕೇಳ್ತಾಳೆ. ಪಕ್ಕದ ಬ್ಯಾರಕ್‌ನವರೆಲ್ಲ ನಗ್ತಾರಂತೆ. ಅವನು ಪ್ರತಿ ಸಲ ಹೇಳ್ತಾನೆ. ಹೋದ ವಾರ ಸಿಗ್ನಲ್ ಕೆಟ್ಟು ಎರಡನೇ ಅಕ್ಷರ ಕೇಳಿಸಲಿಲ್ಲ ಅಂತ ಕಟ್ ಮಾಡಿಬಿಟ್ಟಳು, ಪಾಪ ಅವನು ಮತ್ತೆ ಮಾಡಬೇಕಾಯಿತು.

ಗುಮ್ಮಟ_ಹುಡುಗ

ಎಮ್ಮೆಯ ಹೆಸರು ಏನಣ್ಣಾ?

ಒಣದ್ರಾಕ್ಷಿ_ತಿಕೋಟಾ

ಚಿಗವ್ವ ಪಕ್ಕದಲ್ಲೇ ಕೂತಿದ್ದಾಳೆ. 'ಈ ಹುಡುಗ ಯಾರು, ಯಾಕೆ ಕೇಳ್ತಾನೆ' ಅಂತಿದ್ದಾಳೆ.